ವಿಡಿಯೊ ಪಾಠದಿಂದ ಮಕ್ಕಳಿಗೆ ಉಪಯೋಗವಾಯಿತೇ? ಅನಿಶ್ಚಿತತೆಯನ್ನು ಬಚ್ಚಿಡದೆ ಲೆಕ್ಕ ಹಾಕುವ ಬಗೆ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಿಭಾಗದ ಸಭೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: "ಮೇಡಂ, ಅಷ್ಟೊಂದು ವಿಡಿಯೊ, ಆನ್‌ಲೈನ್ ಕ್ವಿಜ್ ಎಲ್ಲ ಮಾಡಿದ್ರಲ್ಲ, ಉಪಯೋಗ ಆಯ್ತಾ?" ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವ ನಾನು ಮೊದಲ ವರ್ಷ ಎರಡು ಸೆಕ್ಷನ್‌ಗಳ ಫಲಿತಾಂಶ ಕಳೆದು, ಬಂದ ವ್ಯತ್ಯಾಸವನ್ನು ಹೇಳಿ ಕೂತೆ. ಆ ಒಂದೇ ಅಂಕಿ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಫೈಲಿಗೆ ಹೋಯಿತು. ಮರುವರ್ಷ ಅದನ್ನೇ ನಂಬಿ ಇನ್ನೂ ಮೂರು ಘಟಕಗಳನ್ನು ವಿಡಿಯೊಗೆ ಬದಲಿಸಲಾಯಿತು. ಆ ಅಂಕಿ ಎಷ್ಟು ಅಲುಗಾಡುವಂಥದ್ದು ಎಂದು ನಾನು ಅಂದು ಹೇಳಿರಲಿಲ್ಲ. ಹೇಳಬೇಕಾದವಳು ನಾನೇ ಆಗಿದ್ದೆ.

ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ವೇದಿಕೆ ಶುರುವಾದದ್ದು 2017ರ ಜುಲೈ 9ರಂದು. 2021ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸುಗಳಲ್ಲಿ ಶೇ. 40ರವರೆಗೆ ಅಲ್ಲಿಂದಲೇ ಪಡೆಯಬಹುದು. ಅಂದರೆ ಡಿಜಿಟಲ್ ಬೋಧನೆ ಈಗ ಯಾರದೋ ಉತ್ಸಾಹದ ಪ್ರಯೋಗವಾಗಿ ಉಳಿದಿಲ್ಲ, ಮಕ್ಕಳ ಅಂಕಪಟ್ಟಿಯೊಳಗೇ ಬಂದು ಕೂತಿದೆ. ಅದರ ಲಾಭನಷ್ಟವನ್ನು ಅಂದಾಜಿನ ಮೇಲೆ ಬಿಡುವುದು ಸರಿಯಲ್ಲ. ಮುಂದೆ ಹೇಳಿರುವ ಲೆಕ್ಕಕ್ಕೆ ಒಂದು ಎಕ್ಸೆಲ್ ಹಾಳೆ ಮತ್ತು ಎರಡು ಸಂಜೆಗಳ ಬಿಡುವು ಸಾಕು. ಸೆಕ್ಷನ್‌ಗಳ ಹೆಸರಿನಲ್ಲಿ ಬರುವ ಅಂಕಿಗಳೆಲ್ಲ ಲೆಕ್ಕದ ದಾರಿ ತೋರಿಸಲು ನಾನೇ ಇಟ್ಟುಕೊಂಡವು. ಅವುಗಳ ಜಾಗದಲ್ಲಿ ನಿಮ್ಮ ತರಗತಿಯವನ್ನು ಹಾಕಿಕೊಳ್ಳಿ.

ಹಂತ 1: ಪ್ರಶ್ನೆಯನ್ನು ತೀರ್ಮಾನದ ರೂಪಕ್ಕೆ ತನ್ನಿ

"ಡಿಜಿಟಲ್ ಬೋಧನೆ ಪರಿಣಾಮಕಾರಿಯೇ?" ಎಂದು ಕೇಳಿದರೆ ಯಾವ ಗಣಿತವೂ ಉತ್ತರ ಕೊಡಲಾರದು. ಯಾವ ಪಾಠ, ಯಾರಿಗೆ, ಯಾವುದಕ್ಕೆ ಹೋಲಿಸಿ, ಉತ್ತರ ಸಿಕ್ಕ ಮೇಲೆ ಏನು ಮಾಡುತ್ತೀರಿ ಎಂಬ ನಾಲ್ಕೂ ಅದರೊಳಗೆ ಇರಬೇಕು. ನಮ್ಮ ಉದಾಹರಣೆಯ ಪ್ರಶ್ನೆ ಹೀಗಿದೆ: ಬಿಎಸ್ಸಿ ಎರಡನೇ ಸೆಮಿಸ್ಟರ್‌ನ ಸಂಭವನೀಯತೆಯ ಘಟಕಕ್ಕೆ ತರಗತಿಗಿಂತ ಮುಂಚೆ ಹತ್ತು ನಿಮಿಷದ ವಿಡಿಯೊ, ಐದು ಪ್ರಶ್ನೆಯ ಕ್ವಿಜ್ ಕೊಟ್ಟರೆ, ಬರೀ ಬೋರ್ಡಿನ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ಮಕ್ಕಳು ಘಟಕ ಪರೀಕ್ಷೆಯಲ್ಲಿ 60 ಅಂಕ ಮುಟ್ಟುತ್ತಾರೆಯೇ? ಮುಟ್ಟಿದರೆ ಮುಂದಿನ ವರ್ಷವೂ ಮುಂದುವರಿಸುತ್ತೇನೆ.

ಇದರ ಜೊತೆಗೇ, ಫಲಿತಾಂಶ ನೋಡುವ ಮೊದಲೇ, ಎಷ್ಟು ಹೆಚ್ಚಾದರೆ ನಿಮ್ಮ ಶ್ರಮಕ್ಕೆ ತಕ್ಕುದು ಎಂದು ಬರೆದು ದಿನಾಂಕ ಹಾಕಿ. ನೂರರಲ್ಲಿ ಐದು ಮಕ್ಕಳಾದರೂ ಹೆಚ್ಚು ಮುಟ್ಟಬೇಕು ಎಂಬುದು ನನ್ನ ಗೆರೆ. ಫಲಿತಾಂಶ ಕಂಡ ಮೇಲೆ ಎಳೆಯುವ ಗೆರೆ ಯಾವಾಗಲೂ ನಮಗೆ ಬೇಕಾದ ಕಡೆಗೇ ವಾಲುತ್ತದೆ.

ಹಂತ 2: ಪಾಠಕ್ಕೆ ಮುಂಚೆಯೂ ಅಳೆಯಿರಿ

ಘಟಕ ಶುರುವಾಗುವ ಮುನ್ನ ಒಂದು ಸಣ್ಣ ಪರೀಕ್ಷೆ, ಮುಗಿದ ಮೇಲೆ ಅದೇ ಪರಿಕಲ್ಪನೆಗಳ ಮೇಲೆ ಇನ್ನೊಂದು. ಭೌತವಿಜ್ಞಾನದ ಅಧ್ಯಾಪಕರು ಇದಕ್ಕೊಂದು ಸರಳ ಸೂತ್ರ ಕೊಟ್ಟಿದ್ದಾರೆ. ಗಳಿಸಿದ ಅಂಕವನ್ನು ಗಳಿಸಲು ಉಳಿದಿದ್ದ ಅಂಕದಿಂದ ಭಾಗಿಸಬೇಕು. ತರಗತಿಯ ಸರಾಸರಿ 40ರಿಂದ 64ಕ್ಕೆ ಏರಿದರೆ ಗಳಿಕೆ 24, ಉಳಿದಿದ್ದದ್ದು 60, ಉತ್ತರ 0.40. ಇನ್ನೊಂದು ಸೆಕ್ಷನ್ 35ರಿಂದ 55ಕ್ಕೆ ಏರಿದರೆ 20ನ್ನು 65ರಿಂದ ಭಾಗಿಸಿ 0.31. ಅಮೆರಿಕದ ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಅಂಕಗಳನ್ನು ಹೀಗೆ ನೋಡಿದಾಗ, ಉಪನ್ಯಾಸವೇ ಮುಖ್ಯವಾಗಿದ್ದ ಕೋರ್ಸುಗಳ ಸರಾಸರಿ 0.23 ಬಂತು. ವಿದ್ಯಾರ್ಥಿಗಳು ಯೋಚಿಸಿ, ಚರ್ಚಿಸಿ ಕಲಿತ ಕೋರ್ಸುಗಳದ್ದು 0.48. ಗಮನಿಸಿ, ಆ ವ್ಯತ್ಯಾಸ ತಂದದ್ದು ಪರದೆಯಲ್ಲ, ಮಕ್ಕಳು ತೊಡಗಿಕೊಂಡ ರೀತಿ. ನಿಮ್ಮ ವಿಡಿಯೊ ಮಕ್ಕಳನ್ನು ಸುಮ್ಮನೆ ಕೂರಿಸುವಂಥದ್ದಾದರೆ ಆ 0.48ನ್ನು ನಿಮ್ಮ ಪರವಾಗಿ ಎತ್ತಿ ಹೇಳುವ ಹಾಗಿಲ್ಲ.

ಈ ಸೂತ್ರವನ್ನು ತರಗತಿಯ ಸರಾಸರಿಗೆ ಮಾತ್ರ ಬಳಸಿ. 90 ತೆಗೆದಿದ್ದ ಹುಡುಗಿ ಎರಡನೇ ಸಲ 85 ತೆಗೆದರೆ ಸೂತ್ರ ಅವಳಿಗೆ ಮೈನಸ್ 0.5 ಕೊಡುತ್ತದೆ. ಅವಳು ಅರ್ಧ ಮರೆತಳು ಎಂದು ಅದರರ್ಥವಲ್ಲ.

ಹಂತ 3: ಅನಿಶ್ಚಿತತೆ ಎಲ್ಲೆಲ್ಲಿಂದ ಬರುತ್ತದೆ ಎಂದು ಪಟ್ಟಿ ಮಾಡಿ

ಈ ಹಂತದಲ್ಲಿ ಕಂಪ್ಯೂಟರ್ ಬೇಡ, ಸ್ಟಾಫ್ ರೂಮಿನಲ್ಲಿ ಕೂತು ಸಹೋದ್ಯೋಗಿಗಳೊಡನೆ ಮಾತಾಡಿ. ಮಕ್ಕಳ ಸಂಖ್ಯೆ ಕಡಿಮೆ. ಕೆಲವರು ಪರೀಕ್ಷೆಗೇ ಬಂದಿಲ್ಲ. ಒಂದು ಸೆಕ್ಷನ್‌ಗೆ ಬೆಳಗಿನ ಮೊದಲ ಪೀರಿಯಡ್, ಇನ್ನೊಂದಕ್ಕೆ ಊಟದ ನಂತರದ್ದು. ಗೂಗಲ್ ಫಾರ್ಮ್‌ನ ಕ್ವಿಜ್ ಉತ್ತರ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿರಬಹುದು. ಎಲ್‌ಎಂಎಸ್ (ಆನ್‌ಲೈನ್ ಪಾಠ ಕೊಟ್ಟು ದಾಖಲೆ ಇಡುವ ತಂತ್ರಾಂಶ) "ವಿಡಿಯೊ ಪೂರ್ಣ" ಎಂದು ತೋರಿಸಿದರೂ ಫೋನು ಮೇಜಿನ ಮೇಲೆ ತಾನೇ ಓಡುತ್ತಿದ್ದಿರಬಹುದು. ಇಬ್ಬರು ಅಕ್ಕತಂಗಿಯರು ಒಂದೇ ಫೋನಿನಲ್ಲಿ ನೋಡಿದ್ದರೆ ದಾಖಲೆಯಲ್ಲಿ ಒಬ್ಬಳೇ ಇರುತ್ತಾಳೆ.

ಇವೆಲ್ಲ ಒಂದೇ ಜಾತಿಯವಲ್ಲ. ಕೆಲವು ಹೆಚ್ಚು ಮಕ್ಕಳನ್ನು ಸೇರಿಸಿದರೆ ಕರಗುತ್ತವೆ, ಕೆಲವು ಎಷ್ಟು ಸೇರಿಸಿದರೂ ಕರಗುವುದಿಲ್ಲ. ಬೇರೆ ಬೇರೆ ಕಾಯಿಲೆಗೆ ಬೇರೆ ಬೇರೆ ಮದ್ದು ಬೇಕು.

ಹಂತ 4: ಒಂದು ಅಂಕಿಯ ಬದಲು ಒಂದು ವ್ಯಾಪ್ತಿ

ಎ ಸೆಕ್ಷನ್‌ಗೆ ವಿಡಿಯೊ ಪಾಠ. ಪರೀಕ್ಷೆ ಬರೆದ 60 ಮಕ್ಕಳಲ್ಲಿ 42 ಜನ ಗುರಿ ಮುಟ್ಟಿದರು, ಶೇ. 70. ಬಿ ಸೆಕ್ಷನ್‌ಗೆ ಬೋರ್ಡ್ ಪಾಠ. 56ರಲ್ಲಿ 31, ಸುಮಾರು ಶೇ. 55. ವ್ಯತ್ಯಾಸ ಸುಮಾರು 15 ಅಂಶ, ಅಂದರೆ ನೂರಕ್ಕೆ 15 ಮಕ್ಕಳು. ಬಹಳಷ್ಟು ವರದಿಗಳು ಇಲ್ಲಿಗೇ ನಿಲ್ಲುತ್ತವೆ.

ಇಲ್ಲಿ ಒಬ್ಬರನ್ನು ನೆನೆಯಬೇಕು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು 1945ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಒಂದು ಗಡಿಯನ್ನು ತೋರಿಸಿಕೊಟ್ಟರು. ಇಷ್ಟು ಮಾಹಿತಿಯಿಂದ ಪಕ್ಷಪಾತವಿಲ್ಲದ ಯಾವ ಸೂತ್ರ ಹಚ್ಚಿದರೂ ಅಂದಾಜಿನ ಅಲುಗಾಟ ಇಷ್ಟಕ್ಕಿಂತ ಕಡಿಮೆಯಾಗದು ಎಂಬ ಗಡಿ ಅದು. ಕ್ರಾಮರ್-ರಾವ್ ಮಿತಿ ಎಂದು ಜಗತ್ತು ಅದನ್ನು ಕರೆಯುತ್ತದೆ. ನಮ್ಮ ಎ ಸೆಕ್ಷನ್‌ಗೆ ಹಚ್ಚಿ ನೋಡಿ: 0.7ನ್ನು 0.3ರಿಂದ ಗುಣಿಸಿ, 60ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 0.06. ಅಂದರೆ ಎಷ್ಟೇ ದುಬಾರಿ ಸಾಫ್ಟ್‌ವೇರ್ ತಂದರೂ ಆ ಶೇ. 70ರ ಸುತ್ತ ಆರು ಅಂಶದ ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂದಾಜು ಎಷ್ಟು ಅಲುಗಾಡುತ್ತದೆ ಎಂಬುದರ ಅಳತೆ) ಉಳಿದೇ ಉಳಿಯುತ್ತದೆ. ಅದನ್ನು ಅರ್ಧಕ್ಕೆ ಇಳಿಸಲು 240 ಮಕ್ಕಳು ಬೇಕು. ಡ್ಯಾಶ್‌ಬೋರ್ಡಿನಲ್ಲಿ "ಪರಿಣಾಮಕಾರಿತ್ವ 70.37" ಎಂದು ಎರಡು ದಶಮಾಂಶ ಸ್ಥಾನಗಳವರೆಗೆ ಬಂದದ್ದನ್ನು ಕಂಡರೆ ಈ ಲೆಕ್ಕ ನೆನಪಿಗೆ ಬರಲಿ.

ಈಗ ಮಾದರಿ ಕಟ್ಟೋಣ. ಇದಕ್ಕೆ ನಾನು ಬೇಯ್ಸ್ ವಿಧಾನವನ್ನು ಆರಿಸಿಕೊಳ್ಳುತ್ತೇನೆ. ಥಾಮಸ್ ಬೇಯ್ಸ್ ಅವರ ಪ್ರಬಂಧ ಅವರು ತೀರಿಕೊಂಡ ಮೇಲೆ, 1763ರಲ್ಲಿ, ಪ್ರಕಟವಾಯಿತು. ಮೊದಲೇ ಗೊತ್ತಿದ್ದದ್ದನ್ನು ಹೊಸ ಮಾಹಿತಿಯೊಂದಿಗೆ ಕೂಡಿಸುವುದು ಅದರ ತಿರುಳು. ಹಿಂದಿನ ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಈ ಮಟ್ಟ ಮುಟ್ಟುತ್ತಿದ್ದರು ಎಂದುಕೊಳ್ಳಿ. ಆ ಅನುಭವಕ್ಕೆ ಹತ್ತು ಮಕ್ಕಳಷ್ಟು ತೂಕ ಕೊಡೋಣ: ಐದು ಮುಟ್ಟಿದವರು, ಐದು ಮುಟ್ಟದವರು. ಎ ಸೆಕ್ಷನ್‌ನ 42 ಮತ್ತು 18ಕ್ಕೆ ಇವನ್ನು ಸೇರಿಸಿದರೆ 47 ಮತ್ತು 23. ಬಿ ಸೆಕ್ಷನ್‌ನ 31 ಮತ್ತು 25ಕ್ಕೆ ಸೇರಿಸಿದರೆ 36 ಮತ್ತು 30. ಈ ಜೋಡಿಗಳೇ ಎರಡು ಬೀಟಾ ವಿತರಣೆಗಳ ಅಳತೆಗಳು. ಗುರಿ ಮುಟ್ಟುವವರ ನಿಜವಾದ ಪ್ರಮಾಣ ಎಷ್ಟಿರಬಹುದು, ಯಾವುದಕ್ಕೆ ಎಷ್ಟು ಸಾಧ್ಯತೆ ಎಂದು ತೋರಿಸುವುದೇ ಬೀಟಾ ವಿತರಣೆ.

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಬೀಟಾ ಇನ್ವರ್ಸ್ ಫಂಕ್ಷನ್ ಇದೆ. ಸಂಭವನೀಯತೆಯ ಜಾಗದಲ್ಲಿ ರ‍್ಯಾಂಡ್ ಫಂಕ್ಷನ್ (ಸೊನ್ನೆ ಮತ್ತು ಒಂದರ ನಡುವಿನ ಯಾದೃಚ್ಛಿಕ ಸಂಖ್ಯೆ ಕೊಡುವಂಥದ್ದು) ಇಟ್ಟು, ಮೊದಲ ಕಾಲಂನಲ್ಲಿ 47, 23, ಎರಡನೆಯದರಲ್ಲಿ 36, 30 ಕೊಟ್ಟು ಐದು ಸಾವಿರ ಸಾಲು ಕೆಳಗೆ ಎಳೆಯಿರಿ. ಮೂರನೇ ಕಾಲಂನಲ್ಲಿ ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಅದರಲ್ಲಿ ಸೊನ್ನೆಗಿಂತ ಹೆಚ್ಚಿರುವ ಸಾಲುಗಳನ್ನು ಎಣಿಸಿದರೆ ನೂರಕ್ಕೆ ಸುಮಾರು 94 ಬರುತ್ತವೆ. ನಾವು ಎಳೆದ ಐದು ಅಂಶದ ಗೆರೆಯನ್ನು ದಾಟಿದವು ನೂರಕ್ಕೆ ಸುಮಾರು 82. ವ್ಯತ್ಯಾಸದ ಸರಾಸರಿ 12.6 ಅಂಶ, ಅದರ ಶೇ. 90ರ ವ್ಯಾಪ್ತಿ ಮೈನಸ್ 1ರಿಂದ 26ರವರೆಗೆ. ಒಂದೇ ಅಂಕಿಯಾಗಿ ಕಂಡಿದ್ದ 15 ಎಷ್ಟು ಅಗಲ ಚಾಚಿಕೊಂಡಿದೆ ನೋಡಿ. ಆದರೂ ಖುಷಿಪಡಬಹುದಾದ ಫಲಿತಾಂಶವೇ. ಅಷ್ಟಕ್ಕೇ ಖುಷಿಪಡಬೇಡಿ.

ಹಂತ 5: ಒಂದೇ ಪಾತ್ರೆಯ ಅಗುಳುಗಳು

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಒತ್ತಿ ನೋಡಿದರೆ ಸಾಕು ಎನ್ನುತ್ತೇವೆ. ಅದೇ ಪಾತ್ರೆಯಿಂದ ಅರವತ್ತು ಅಗುಳು ತೆಗೆದು ಒತ್ತಿದರೂ ಗೊತ್ತಾಗುವುದು ಆ ಪಾತ್ರೆಯ ಸುದ್ದಿ ಮಾತ್ರ, ಪಕ್ಕದ ಒಲೆಯ ಮೇಲಿರುವುದರದ್ದಲ್ಲ. ಒಂದು ಸೆಕ್ಷನ್‌ನ ಮಕ್ಕಳೂ ಹಾಗೆಯೇ. ಒಂದೇ ಅಧ್ಯಾಪಕಿ, ಒಂದೇ ಪೀರಿಯಡ್, ಒಬ್ಬರಿಗೊಬ್ಬರು ಹೇಳಿಕೊಡುವ ಅದೇ ಗೆಳೆಯರ ಗುಂಪು. ಹಿಂದಿನ ಹಂತದ ಲೆಕ್ಕ ಅವರನ್ನು ಅರವತ್ತು ಸ್ವತಂತ್ರ ಸಾಕ್ಷಿಗಳೆಂದು ನಂಬಿಬಿಟ್ಟಿದೆ.

ಸಮೀಕ್ಷೆ ಮಾಡುವವರು ಇದಕ್ಕೆ ಡಿಸೈನ್ ಎಫೆಕ್ಟ್ ಎನ್ನುತ್ತಾರೆ. ಸೆಕ್ಷನ್‌ನ ಸಂಖ್ಯೆಯಲ್ಲಿ ಒಂದು ಕಳೆದು, ಒಳಸಂಬಂಧದ ಗುಣಾಂಕದಿಂದ (ಒಂದೇ ಸೆಕ್ಷನ್‌ನ ಮಕ್ಕಳು ಒಬ್ಬರನ್ನೊಬ್ಬರು ಎಷ್ಟು ಹೋಲುತ್ತಾರೆ ಎಂಬ ಅಳತೆ) ಗುಣಿಸಿ, ಒಂದು ಕೂಡಿಸಬೇಕು. ಗುಣಾಂಕವನ್ನು ಬರೀ 0.05 ಎಂದಿಟ್ಟುಕೊಂಡರೂ ಎ ಸೆಕ್ಷನ್‌ಗೆ 59ರ 0.05 ಪಾಲು 2.95, ಒಂದು ಕೂಡಿಸಿ 3.95. ಅರವತ್ತನ್ನು ಇದರಿಂದ ಭಾಗಿಸಿದರೆ 15. ನಿಮ್ಮ ಅರವತ್ತು ಮಕ್ಕಳ ಮಾಹಿತಿಗೆ ಇರುವುದು ಹದಿನೈದು ಸ್ವತಂತ್ರ ಮಕ್ಕಳ ತೂಕ!

ಇದೇ ತೂಕಕ್ಕೆ ಎರಡೂ ಸೆಕ್ಷನ್‌ಗಳ ಅಂಕಿ ಇಳಿಸಿ, ಹಳೆಯ ಐದು ಮತ್ತು ಐದನ್ನು ಸೇರಿಸಿ, ಐದು ಸಾವಿರ ಸಾಲನ್ನು ಮತ್ತೆ ಓಡಿಸಿ. ವಿಡಿಯೊ ಮೇಲು ಎನ್ನುವ ಸಂಭವನೀಯತೆ 94ರಿಂದ 74ಕ್ಕೆ ಇಳಿಯುತ್ತದೆ. ಮಕ್ಕಳು ಅವರೇ, ಉತ್ತರ ಪತ್ರಿಕೆಗಳೂ ಅವೇ. ಬದಲಾದದ್ದು ನಾವು ಒಪ್ಪಿಕೊಂಡ ವಾಸ್ತವ ಮಾತ್ರ. ಗುಣಾಂಕ 0.05 ಎಂಬುದೂ ನಮ್ಮ ಊಹೆಯೇ ಆದ್ದರಿಂದ 0.02, 0.10 ಹಾಕಿಯೂ ಓಡಿಸಿ, ಮೂರೂ ಉತ್ತರಗಳನ್ನು ವರದಿಯಲ್ಲಿ ಬರೆಯಿರಿ.

ಮದ್ದು ಇದೆ, ಅದು ಗಣಿತದಲ್ಲಿಲ್ಲ, ಟೈಮ್‌ಟೇಬಲ್‌ನಲ್ಲಿದೆ. ಒಂದು ಘಟಕಕ್ಕೆ ಎ ಸೆಕ್ಷನ್‌ಗೆ ವಿಡಿಯೊ, ಬಿಗೆ ಬೋರ್ಡ್. ಮುಂದಿನ ಘಟಕಕ್ಕೆ ಅದಲು ಬದಲು. ಮೊದಲ ಘಟಕದಲ್ಲಿ ಎ 16 ಅಂಶ ಮುಂದಿತ್ತು, ಎರಡನೆಯದರಲ್ಲಿ ವಿಡಿಯೊ ನೋಡಿದ ಬಿ 4 ಅಂಶ ಮುಂದಿತ್ತು ಎಂದುಕೊಳ್ಳಿ. ಎರಡರ ಸರಾಸರಿ 10, ಅದು ವಿಡಿಯೊದ ಪಾಲು. ಅತ್ತ ಆರು, ಇತ್ತ ಆರು ತೂಗಿದ್ದು ಎ ಸೆಕ್ಷನ್ ಮೊದಲಿಂದಲೇ ಚುರುಕಾಗಿದ್ದುದರ ಪಾಲು. ಸೆಕ್ಷನ್‌ಗಳ ಅಂತರ ಎರಡೂ ಘಟಕಗಳಲ್ಲಿ ಸುಮಾರಾಗಿ ಒಂದೇ ಇರಬೇಕು, ಮತ್ತು ಮೊದಲ ಘಟಕ ಗೊತ್ತಿಲ್ಲದೆ ಎರಡನೆಯದು ಅರ್ಥವಾಗದು ಎನ್ನುವಂಥ ಜೋಡಿ ಆರಿಸಬಾರದು. ಇನ್ನೊಂದು ಲಾಭವೂ ಇದೆ: ಎರಡೂ ಸೆಕ್ಷನ್‌ನ ಮಕ್ಕಳಿಗೆ ಎರಡೂ ಬಗೆಯ ಪಾಠ ಸಿಗುತ್ತದೆ, ಯಾರಿಗೂ ಅನ್ಯಾಯವಾಗುವುದಿಲ್ಲ.

ಹಂತ 6: ಬರದೇ ಹೋದ ಮಕ್ಕಳು

ಡಿಜಿಟಲ್ ಪಾಠದ ಲೆಕ್ಕದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದೇ. ಎ ಸೆಕ್ಷನ್‌ನಲ್ಲಿ ದಾಖಲಾದವರು 72, ಪರೀಕ್ಷೆ ಬರೆದವರು 60. ಬಿಯಲ್ಲಿ 64, ಬರೆದವರು 56. ಉಳಿದ ಇಪ್ಪತ್ತು ಮಕ್ಕಳು ಎಲ್ಲಿ?

ಅವರು ಹೇಗಿದ್ದರೂ ಆಗಿರಬಹುದು ಎಂದಿಟ್ಟು ಎರಡೂ ತುದಿ ನೋಡಿ. ಎ ಸೆಕ್ಷನ್‌ನ ಗೈರುಹಾಜರಾದ ಹನ್ನೆರಡೂ ಜನ ಗುರಿ ಮುಟ್ಟುತ್ತಿರಲಿಲ್ಲ ಎಂದರೆ 72ಕ್ಕೆ 42, ಶೇ. 58. ಎಲ್ಲರೂ ಮುಟ್ಟುತ್ತಿದ್ದರು ಎಂದರೆ 54, ಶೇ. 75. ಬಿಯಲ್ಲಿ ಇದೇ ರೀತಿ ಶೇ. 48ರಿಂದ 61. ಎ ಸೆಕ್ಷನ್‌ನ ಕೆಳತುದಿ ಬಿ ಸೆಕ್ಷನ್‌ನ ಮೇಲ್ತುದಿಗಿಂತ ಕೆಳಗಿದೆ. ಅಂದರೆ ಬರದವರಿಂದಲೇ ತೀರ್ಪು ತಿರುಗಿಬೀಳಬಹುದು. ಬಂದವರ ಅಂಕಗಳಿಂದ ಯಾವ ಸೂತ್ರವೂ ಇದನ್ನು ಬಿಡಿಸಲಾರದು.

ಬಿಡಿಸುವುದು ಫೋನ್ ಕರೆ. ಒಂದು ಮಧ್ಯಾಹ್ನ ಕೂತು ಇಪ್ಪತ್ತು ಮಕ್ಕಳಿಗೂ ಕರೆ ಮಾಡಿ, ಗದರಿಸದೆ ಕಾರಣ ಕೇಳಿ. ಜ್ವರ, ಬಸ್ಸು, ಮನೆಯ ಮದುವೆ ಇಂಥವಾದರೆ ಪಾಠಕ್ಕೂ ಗೈರಿಗೂ ಸಂಬಂಧವಿಲ್ಲ, ಮರುಪರೀಕ್ಷೆ ಕೊಟ್ಟರಾಯಿತು. "ರೀಚಾರ್ಜ್ ಮುಗಿದಿತ್ತು ಮೇಡಂ, ವಿಡಿಯೊ ನೋಡಿರಲಿಲ್ಲ, ಅದಕ್ಕೇ ಬರೋಕೆ ಭಯ ಆಯ್ತು" ಎಂಬ ಉತ್ತರ ಬಂದರೆ ಕಥೆಯೇ ಬೇರೆ. ಆಗ ಆ ಗೈರೇ ವಿಡಿಯೊ ಪಾಠದ ಫಲಿತಾಂಶ. ಅಂಥ ಮಗುವನ್ನು ಲೆಕ್ಕದಿಂದ ಬಿಟ್ಟರೆ ನಿಮ್ಮ ಪಾಠ ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ, ಪಾಠದಿಂದ ಹೊರಗುಳಿದವಳು ದಾಖಲೆಯಿಂದಲೂ ಹೊರಗುಳಿಯುತ್ತಾಳೆ. ನಾನು ಅವಳನ್ನು "ಮುಟ್ಟಲಿಲ್ಲ" ಎಂದೇ ಎಣಿಸುತ್ತೇನೆ, ಮತ್ತು ಆ ವಿಡಿಯೊದ ಆಡಿಯೊವನ್ನು ಬೇರ್ಪಡಿಸಿ ಸಣ್ಣ ಫೈಲ್ ಮಾಡಿ ಕಳಿಸುತ್ತೇನೆ.

ಹಂತ 7: ನೋಡಿದವರನ್ನು ನೋಡದವರಿಗೆ ಹೋಲಿಸಬೇಡಿ

ವಿಡಿಯೊ ಪೂರ್ತಿ ನೋಡಿದವರಿಗೆ ಹೆಚ್ಚು ಅಂಕ, ನೋಡದವರಿಗೆ ಕಡಿಮೆ ಎಂಬ ಗ್ರಾಫ್ ಎಲ್‌ಎಂಎಸ್‌ನಿಂದ ಸುಲಭವಾಗಿ ಸಿಗುತ್ತದೆ. ಓದುವ ಮಕ್ಕಳು ವಿಡಿಯೊವನ್ನೂ ನೋಡುತ್ತಾರೆ, ಪುಸ್ತಕವನ್ನೂ ಓದುತ್ತಾರೆ. ಆ ಗ್ರಾಫ್ ತೋರಿಸುವುದು ಅವರ ಶ್ರದ್ಧೆಯನ್ನು. ಯಾರಿಗೆ ವಿಡಿಯೊ ಕೊಡಲಾಗಿತ್ತೋ ಅವರೆಲ್ಲರನ್ನೂ, ನೋಡಲಿ ಬಿಡಲಿ, ಒಂದು ಗುಂಪಾಗಿ ಎಣಿಸಿ.

ಹಿಂದುಳಿದವರಿಗೆ ಮಾತ್ರ ವಿಡಿಯೊ ಕೊಟ್ಟು ಅವರು ಸುಧಾರಿಸಿದರು ಎನ್ನುವುದೂ ಇಂಥದ್ದೇ ತಪ್ಪು. ಒಂದು ಪರೀಕ್ಷೆಯಲ್ಲಿ ತೀರಾ ಕೆಳಗಿದ್ದವರು ಮುಂದಿನದರಲ್ಲಿ ಏನೂ ಮಾಡದಿದ್ದರೂ ಸರಾಸರಿಯತ್ತ ಸ್ವಲ್ಪ ಸರಿಯುತ್ತಾರೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ, ತಂದೆತಾಯಿ ಮತ್ತು ಮಕ್ಕಳ ಎತ್ತರದ ಲೆಕ್ಕದಲ್ಲಿ, ಈ ಸರಿದಾಟವನ್ನು ಬರೆದಿಟ್ಟರು.

ಹಂತ 8: "ಪರವಾಗಿಲ್ಲ" ಎಂದರೆ ಎಷ್ಟು?

ಫೀಡ್‌ಬ್ಯಾಕ್ ಹಾಳೆಯ ಅನಿಶ್ಚಿತತೆ ಬೇರೆಯೇ ತೆರನಾದದ್ದು. ಇಲ್ಲಿ ಏನು ನಡೆಯಿತೆಂಬುದು ಗೊತ್ತಿಲ್ಲ ಎಂದಲ್ಲ, ಮಾತಿನ ಅಂಚೇ ಮಸುಕು. ನಮ್ಮ "ಪರವಾಗಿಲ್ಲ" ಕೆಲವರ ಬಾಯಲ್ಲಿ ಮೆಚ್ಚುಗೆ, ಕೆಲವರ ಬಾಯಲ್ಲಿ ಸಹಿಸಿಕೊಂಡೆವು ಎಂಬ ಅರ್ಥ. ಇದಕ್ಕೆ 3 ಅಂಕ ಎಂದು ಕೊಟ್ಟು ಸರಾಸರಿ ತೆಗೆಯುವ ಬದಲು, ಲೋಟ್ಫಿ ಜಾದೆ 1965ರಲ್ಲಿ ಮಂಡಿಸಿದ ಫಜಿ ಗಣಗಳ (ಅಂಚು ಖಚಿತವಿಲ್ಲದ ಗುಂಪುಗಳ) ದಾರಿ ಹಿಡಿಯಬಹುದು. "ಅರ್ಥ ಆಗಲಿಲ್ಲ" ಎಂಬುದಕ್ಕೆ 0, 20, 40. "ಪರವಾಗಿಲ್ಲ" ಎಂಬುದಕ್ಕೆ 40, 55, 70. "ಚೆನ್ನಾಗಿತ್ತು" ಎಂಬುದಕ್ಕೆ 60, 75, 90. ಪ್ರತಿಯೊಂದರಲ್ಲೂ ಕೆಳ ಅಂಚು, ನಡು, ಮೇಲಂಚು. ಅರವತ್ತು ಜನರಲ್ಲಿ ಕ್ರಮವಾಗಿ 10, 20, 30 ಮಂದಿ ಹೀಗೆ ಹೇಳಿದ್ದರೆ ಮೂರನ್ನೂ ಬೇರೆ ಬೇರೆಯಾಗಿ ಸರಾಸರಿ ತೆಗೆಯಿರಿ: 43, 59, 75. ಅಂಚುಗಳನ್ನು ಎಲ್ಲಿಡಬೇಕೆಂದು ನಾಲ್ಕಾರು ವಿದ್ಯಾರ್ಥಿಗಳನ್ನೇ ಕೂರಿಸಿ ಕೇಳುವುದು ಒಳ್ಳೆಯದು.

ಈ ಅಂಕಿಯನ್ನು ಪರೀಕ್ಷೆಯ ಅಂಕಿಯ ಜೊತೆ ಬೆರೆಸಿ "ಒಟ್ಟು ಸೂಚ್ಯಂಕ" ಮಾಡಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವೇ ತೊಡಗಿ ಕಲಿತ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರು, ಆದರೆ ಕಡಿಮೆ ಕಲಿತೆವು ಎಂದು ಅವರಿಗೆ ಅನಿಸಿತ್ತು. ನಯವಾದ ಉಪನ್ಯಾಸ ಕೇಳಿದವರಿಗೆ ಅನಿಸಿದ್ದು ಇದಕ್ಕೆ ತದ್ವಿರುದ್ಧ. ಎರಡು ಅಂಕಿಗಳು ಎರಡು ದಿಕ್ಕಿಗೆ ಎಳೆಯುವಾಗ ಬೆರೆಸಿದರೆ ಎರಡೂ ಕಾಣದಾಗುತ್ತವೆ.

ಹಂತ 9: ತೀರ್ಮಾನ, ಮತ್ತು ಅದನ್ನು ಹೇಳುವ ಮಾತು

ಈಗ ಮೊದಲು ಬರೆದಿಟ್ಟ ಗೆರೆಯನ್ನು ತೆಗೆದು ನೋಡಿ. ಹತ್ತು ನಿಮಿಷದ ಒಂದು ವಿಡಿಯೊಗೆ ನನಗೆ ಐದಾರು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತನ್ನು ಹಿಂದುಳಿದ ಮಕ್ಕಳ ಜೊತೆ ಕೂತು ಲೆಕ್ಕ ಬಿಡಿಸಲೂ ಬಳಸಬಹುದಿತ್ತು. ಆದ್ದರಿಂದ 74ರ ಸಂಭವನೀಯತೆಗೆ ನನ್ನ ಉತ್ತರ: ಇರುವ ವಿಡಿಯೊಗಳನ್ನು ಇಟ್ಟುಕೊಳ್ಳುವುದು, ಹೊಸದಕ್ಕೆ ಕೈಹಾಕದಿರುವುದು, ಮುಂದಿನ ಸೆಮಿಸ್ಟರ್‌ನಲ್ಲಿ ಅದಲು ಬದಲು ವಿನ್ಯಾಸದಿಂದ ಮತ್ತೆ ಅಳೆಯುವುದು. ವಿಡಿಯೊಗಳು ಮೊದಲೇ ತಯಾರಿದ್ದವರು ಇದೇ 74ಕ್ಕೆ ಮುಂದುವರಿಸುತ್ತೇವೆ ಎಂದರೆ ಅದೂ ಸರಿಯೇ.

ಸಭೆಯಲ್ಲಿ ಹೀಗೆ ಹೇಳಿ: "ವಿಡಿಯೊ ಪಾಠ ಮೇಲು ಎನ್ನುವುದಕ್ಕೆ ನಾಲ್ಕರಲ್ಲಿ ಮೂರು ಪಾಲು ಸಾಧ್ಯತೆ ಇದೆ. ಇಪ್ಪತ್ತು ಮಕ್ಕಳು ಪರೀಕ್ಷೆ ಬರೆದಿಲ್ಲ, ಅವರಿಂದ ಇದು ಬದಲಾಗಬಹುದು. ಒಂದು ಸೆಮಿಸ್ಟರ್ ಕೊಡಿ." ನಾನು ಹೀಗೆ ಹೇಳಿದ ದಿನ ಯಾರೂ ನನ್ನ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಬರದ ಮಕ್ಕಳ ಪಟ್ಟಿ ಕೊಡಿ ಎಂದು ಪ್ರಾಂಶುಪಾಲರೇ ಕೇಳಿ ತೆಗೆದುಕೊಂಡರು.

ಹಂತ 10: ಮುಂದಿನ ಸೆಮಿಸ್ಟರ್‌ಗೆ

ಈ ಸಲದ ಫಲಿತಾಂಶವೇ ಮುಂದಿನ ಸಲದ ಪೂರ್ವ ತಿಳಿವಳಿಕೆ. ಆದರೆ ಪೂರ್ತಿ ತೂಕದಲ್ಲಿ ಬೇಡ, ಅರ್ಧ ಮಾಡಿ ಸೇರಿಸಿ. ಬ್ಯಾಚ್ ಬೇರೆ, ಪ್ರಶ್ನೆಪತ್ರಿಕೆ ಬೇರೆ, ಪಠ್ಯಕ್ರಮವೂ ಬದಲಾಗಿರಬಹುದು. ಎ ಸೆಕ್ಷನ್‌ನ ಇಳಿಸಿದ ತೂಕದ ಜೋಡಿ ಹೆಚ್ಚುಕಡಿಮೆ 15.6 ಮತ್ತು 9.6 ಆಗಿತ್ತು. ಅರ್ಧ ಮಾಡಿದರೆ 7.8 ಮತ್ತು 4.8. ಮುಂದಿನ ವರ್ಷ ಐದು ಮತ್ತು ಐದರ ಜಾಗದಲ್ಲಿ ವಿಡಿಯೊ ಪಾಠಕ್ಕೆ ಇವನ್ನು ಇಡಿ, ಬೋರ್ಡ್ ಪಾಠಕ್ಕೆ ಬಿ ಸೆಕ್ಷನ್‌ನ ಜೋಡಿಯನ್ನು ಹೀಗೆಯೇ ಅರ್ಧ ಮಾಡಿ.

ಇದಕ್ಕಾಗಿ ಹಾಳೆಯನ್ನು ಹೆಸರಿಲ್ಲದೆ, ಕ್ರಮಸಂಖ್ಯೆ ಮಾತ್ರ ಇಟ್ಟು ಉಳಿಸಿಕೊಳ್ಳಿ. ಕಾಲಂಗಳು ಇಷ್ಟು: ಸೆಕ್ಷನ್, ಘಟಕ, ವಿಡಿಯೊ ಅಥವಾ ಬೋರ್ಡ್, ಮುಂಚಿನ ಅಂಕ, ನಂತರದ ಅಂಕ, ಸ್ವಂತ ಫೋನ್ ಇದೆಯೇ, ಮತ್ತು ಬರದಿದ್ದರೆ ಫೋನಿನಲ್ಲಿ ಆ ಮಗು ಹೇಳಿದ ಕಾರಣ, ಅದರದೇ ಮಾತಿನಲ್ಲಿ.